ದೋಣಿಗೆ ಎಷ್ಟು ಕುದುರೆ ಕಟ್ಟಬೇಕು?

ಕರಾವಳಿಯ ಪಟ್ಟಣಗಳಲ್ಲಿ ಮನೆಮಾಡಿಕೊಂಡಿರುವವರಲ್ಲಿ ಹೊಳೆಯಾಚೆ ನೆಂಟರಿಲ್ಲದವರು ಕಡಮೆ. ನನ್ನ ಅಕ್ಕನನ್ನು ಕೊಟ್ಟದ್ದು ಪಂಚಗಂಗಾವಳಿಯ ಒಂದು ಕುದ್ರುವಿಗೆ. ಕುದ್ರು ಎಂದರೆ ಹೊಳೆಯ ನಡುವಣ ನೆಲ. ಹೊನ್ನಾವರದ ಕಡೆ ಇದನ್ನೇ ಕುರ್ವೆ ಎನ್ನುತ್ತಾರೆ. ಸುತ್ತಲೂ ನೀರು, ನಡುವೆ ತೆಂಗು, ನಾಲ್ಕಾರು ಮನೆ. ಅಲ್ಲಿಯವರಿಗೆ ಪೇಟೆಗೆ ಹೋಗಲೂ ದೋಣಿ, ಮಕ್ಕಳನ್ನು ಶಾಲೆಗೆ ಮುಟ್ಟಿಸಲೂ ದೋಣಿ, ಕಾಯಿ ಸಾಗಿಸಲೂ ದೋಣಿ.

ನನ್ನ ಭಾವನವರು ಐವತ್ತು ದಾಟುವವರೆಗೆ ಹುಟ್ಟು ಹಾಕಿಯೇ ಸಂಸಾರ ನಡೆಸಿದರು. ಆಮೇಲೆ ಹೆಗಲು ನೋಯತೊಡಗಿತು. ದೋಣಿಯ ಹಿಂಬದಿಗೆ ಸಿಕ್ಕಿಸುವ ಮೋಟಾರೊಂದನ್ನು, ಅಂದರೆ ಎಲ್ಲರೂ ಔಟ್‌ಬೋರ್ಡ್ ಎಂದು ಕರೆಯುವುದನ್ನು, ಕೊಳ್ಳುವುದೆಂದು ನಿಶ್ಚಯವಾಯಿತು. ಪಂಪುಸೆಟ್ಟುಗಳ ವಿಚಾರದಲ್ಲಿ ನನಗೆ ಅಷ್ಟಿಷ್ಟು ತಿಳಿವಳಿಕೆ ಉಂಟೆಂಬ ನಂಬಿಕೆಯಿಂದ ಅವರು ನನ್ನನ್ನು ಕೇಳಿದರು: "ಎಷ್ಟು ಎಚ್.ಪಿ.ದು ತಕ್ಕೊಳ್ಳುವುದು ಮಾರಾಯ?"

"ದೊಡ್ಡದನ್ನೇ ತಕ್ಕೊಳ್ಳಿ ಭಾವ. ಹೆಚ್ಚಿದ್ದರೆ ನಷ್ಟವೇನು? ಬೇಕಾದಷ್ಟೇ ತಿರುಗಿಸಿದರಾಯಿತು" ಎಂದುಬಿಟ್ಟೆ. ಅಂಗಡಿಯವನೂ ಅದೇ ಮಾತನ್ನಾಡಿದ. ಅವನಿಗೆ ಮಾರುವ ಅವಸರ, ನನಗೆ ಜಾಣನೆನಿಸಿಕೊಳ್ಳುವ ಅವಸರ. ಹೀಗೆ ೧೭ ಅಡಿಯ ದೋಣಿಗೆ ೨೫ ಅಶ್ವಶಕ್ತಿಯ ಮೋಟಾರು ಬಂದಿತು. ಅದರಿಂದಾದುದನ್ನು ಮುಂದೆ ಹೇಳುತ್ತೇನೆ. ತಾವಾಗಲಿ ತಮ್ಮ ನೆಂಟರಾಗಲಿ ಇಂಥದೇ ಪ್ರಶ್ನೆಯ ಮುಂದೆ ನಿಂತಿದ್ದರೆ, ನಾನು ತಡವಾಗಿ ಕಲಿತುದು ತಮಗೆ ಮೊದಲೇ ತಿಳಿದಿರಲಿ ಎಂದು ಈ ಬರಹ.

ಮೊದಲು ಈ ಅಶ್ವಶಕ್ತಿ ಎಂದರೇನೆಂದು ನೋಡೋಣ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಜೇಮ್ಸ್ ವಾಟ್ ತನ್ನ ಉಗಿಯಂತ್ರಗಳನ್ನು ಮಾರುವಾಗ, ಕೊಳ್ಳುವವರಿಗೆ ಅವರು ಬಲ್ಲ ಒಂದು ಅಳತೆ ಬೇಕಾಗಿತ್ತು. ಗಾಣದ ಕುದುರೆಯ ದುಡಿಮೆಯನ್ನು ಲೆಕ್ಕಹಾಕಿ, ಸೆಕೆಂಡಿಗೆ ೫೫೦ ಪೌಂಡು ಭಾರವನ್ನು ಒಂದು ಅಡಿ ಎತ್ತುವುದೇ ಒಂದು ಕುದುರೆಯ ಶಕ್ತಿ ಎಂದು ಆತ ಗೊತ್ತುಮಾಡಿದ. ಇಂದಿನ ವಿದ್ಯುತ್ತಿನ ಲೆಕ್ಕದಲ್ಲಿ ಅದು ೭೪೬ ವಾಟು. ನಮ್ಮ ಮನೆಯ ಲೆಕ್ಕದಲ್ಲಿ ಹೇಳುವುದಾದರೆ, ೧೫ ಲೀಟರು ಹಿಡಿಯುವ ಐದು ಕೊಡ ನೀರನ್ನು ಒಂದು ಸೆಕೆಂಡಿನಲ್ಲಿ ಒಂದು ಮೀಟರು ಮೇಲಕ್ಕೆತ್ತಿದರೆ ಸುಮಾರು ಒಂದು ಅಶ್ವಶಕ್ತಿ. ಬಾವಿಕಟ್ಟೆಯಲ್ಲಿ ನಿಂತು ಅಂಥ ಒಂದೇ ಕೊಡವನ್ನು ಎರಡು ಸೆಕೆಂಡಿಗೆ ಒಂದು ಮೀಟರಿನಂತೆ ಸೇದುವಾಕೆ ಅದರ ಹತ್ತನೆಯ ಒಂದು ಪಾಲನ್ನು ವ್ಯಯಿಸುತ್ತಾಳೆ. ಗಟ್ಟಿಮುಟ್ಟಾದ ಒಬ್ಬ ಮನುಷ್ಯ ಗಂಟೆಗಟ್ಟಲೆ ದಣಿಯದೆ ಕೊಡಬಲ್ಲುದು ಹೆಚ್ಚುಕಡಮೆ ಅಷ್ಟೇ.

ಈ ಹತ್ತನೆಯ ಒಂದು ಪಾಲನ್ನು ದಯವಿಟ್ಟು ನೆನಪಿನಲ್ಲಿಡಿ. ಮುಂದಿನ ಲೆಕ್ಕವೆಲ್ಲ ಇದರ ಮೇಲೆಯೇ ನಿಂತಿದೆ.

ಇಬ್ಬರು ಹುಟ್ಟು ಹಾಕುತ್ತಿದ್ದಾರೆ ಎನ್ನೋಣ. ಅವರಿಬ್ಬರೂ ಸೇರಿ ಕೊಡುವುದು ಒಂದು ಅಶ್ವಶಕ್ತಿಯ ಐದನೆಯ ಒಂದು ಪಾಲು. ಅಷ್ಟರಲ್ಲೇ ದೋಣಿ ಎರಡೂವರೆ ನಾಟಿನ ವೇಗದಲ್ಲಿ, ಅಂದರೆ ಗಂಟೆಗೆ ನಾಲ್ಕೂವರೆ ಕಿಲೋಮೀಟರಿಗೂ ತುಸು ಹೆಚ್ಚಾಗಿ, ಹೋಗುತ್ತದೆ. ನಡೆದು ಹೋಗುವವನ ವೇಗ. ನಾಟೆಂದರೆ ೧.೮೫ ಕಿಲೋಮೀಟರು, ನೀರಿನ ಮೇಲೆ ಬಾಳುವವರು ಲೋಕದಾದ್ಯಂತ ಈ ಅಳತೆಯನ್ನೇ ಹಿಡಿದಿದ್ದಾರೆ. ಇಷ್ಟು ಕಡಮೆ ಶಕ್ತಿಯಿಂದ ಅಷ್ಟು ದೊಡ್ಡ ದೋಣಿ ಚಲಿಸುವುದು ಹೇಗೆಂದರೆ, ನೀರು ಮೆಲ್ಲನೆ ಹೋಗುವವನಿಗೆ ಬಹಳ ಉದಾರಿ. ಅವಸರದವನಿಗೆ ಮಾತ್ರ ಅದು ಜಿಪುಣ. ವೇಗ ಎರಡರಷ್ಟಾಗಬೇಕಾದರೆ ಶಕ್ತಿ ಎರಡರಷ್ಟು ಸಾಲದು. ಸುಮಾರಾಗಿ ಎಂಟರಷ್ಟು ಬೇಕು. ವೇಗದ ಘನದಂತೆ ಶಕ್ತಿ ಏರುತ್ತದೆ ಎಂದು ಪುಸ್ತಕದ ಮಾತು. ಎರಡೂವರೆ ನಾಟು ಐದು ನಾಟಾಗಲು ಐದನೆಯ ಒಂದು ಪಾಲು ಎಂಟರಷ್ಟಾಗಿ ೧.೬ ಅಶ್ವಶಕ್ತಿಯಾಗಬೇಕು. ಮೋಟಾರಿನ ಪ್ರೊಪೆಲ್ಲರಿನ ರೆಕ್ಕೆಗಳು ತಮಗೆ ದೊರೆತ ಶಕ್ತಿಯನ್ನೆಲ್ಲ ದೋಣಿಗೆ ಮುಟ್ಟಿಸುವುದಿಲ್ಲ. ಸಣ್ಣ ದೋಣಿಗಳಲ್ಲಿ ಅರ್ಧದಷ್ಟು ನೀರನ್ನು ಕದಡುವುದರಲ್ಲೇ ಹೋಗುತ್ತದೆ. ಆದುದರಿಂದ ಮೋಟಾರಿನ ಮೇಲೆ ಮೂರು ಮೂರೂವರೆ ಎಂದು ಬರೆದಿದ್ದರೆ ನಮ್ಮ ದೋಣಿ ಐದು ನಾಟಿನಲ್ಲಿ ಹೋದೀತು. ಭಾವನವರ ದೋಣಿಗೆ ನಾವು ಕಟ್ಟಿದ್ದು ಇಪ್ಪತ್ತೈದು!

"ಹಾಗಾದರೆ ಇಪ್ಪತ್ತೈದು ಕಟ್ಟಿದರೆ ಹತ್ತು ನಾಟಿನಲ್ಲಿ ಹೋಗುತ್ತದಲ್ಲ?" ಎಂದು ತಾವು ಕೇಳಬಹುದು. ಘನದ ಲೆಕ್ಕದಲ್ಲಿ ಮೂರಕ್ಕೆ ಎಂಟರಷ್ಟೆಂದರೆ ಇಪ್ಪತ್ತನಾಲ್ಕು, ಸರಿಯಾಗಿಯೇ ಇದೆ. ಆದರೆ ಐದು ನಾಟನ್ನು ದಾಟುತ್ತಲೇ ನೀರು ಆ ಲೆಕ್ಕವನ್ನೂ ಮುರಿಯುತ್ತದೆ. ಇಲ್ಲಿರುವ ಸ್ವಾರಸ್ಯವನ್ನು ತಿಳಿಯುವುದಕ್ಕೆ ವಿಲಿಯಂ ಫ್ರೂಡ್ ಎಂಬ ಇಂಗ್ಲಿಷ್ ಇಂಜಿನಿಯರನ್ನು ನೆನೆಯಬೇಕು. ೧೮೭೨ರಲ್ಲಿ ಆತ ಟಾರ್ಕಿ ಎಂಬ ಊರಿನಲ್ಲಿ ಉದ್ದನೆಯ ನೀರಿನ ತೊಟ್ಟಿಯೊಂದನ್ನು ಕಟ್ಟಿಸಿ, ಹಡಗುಗಳ ಸಣ್ಣ ಮಾದರಿಗಳನ್ನು ಅದರಲ್ಲಿ ಎಳೆಸಿ ಎಳೆಸಿ ನೋಡಿದ. ಹಡಗು ನೀರನ್ನು ಸೀಳುವಾಗ ಏಳಿಸುವ ಅಲೆಗಳೇ ಅದರ ಶಕ್ತಿಯ ಬಹುಪಾಲನ್ನು ನುಂಗುತ್ತವೆ ಎಂಬುದೂ, ಆ ಅಲೆಗಳ ಆಟ ಹಡಗಿನ ಉದ್ದವನ್ನು ಅವಲಂಬಿಸಿದೆ ಎಂಬುದೂ ಅಲ್ಲಿ ಸ್ಪಷ್ಟವಾಯಿತು.

ಮುಂದಿನ ಸಲ ಹೊಳೆದಂಡೆಯಲ್ಲಿ ನಿಂತಾಗ ತಾವೇ ನೋಡಿ. ಮೆಲ್ಲಗೆ ಹೋಗುವ ದೋಣಿಯ ಬದಿಯಲ್ಲಿ ನಾಲ್ಕಾರು ಕಿರುಅಲೆಗಳು ಸಾಲಾಗಿ ನಿಂತಿರುತ್ತವೆ. ವೇಗ ಹೆಚ್ಚಿದಂತೆಲ್ಲ ಅಲೆಗಳು ಉದ್ದವಾಗುತ್ತ ಅವುಗಳ ಸಂಖ್ಯೆ ಕುಗ್ಗುತ್ತದೆ. ಕೊನೆಗೊಮ್ಮೆ ಮೂತಿಯ ಬಳಿ ಒಂದು ಅಲೆಯ ನೆತ್ತಿ, ಹಿಂಬದಿಯಲ್ಲಿ ಮುಂದಿನ ಅಲೆಯ ನೆತ್ತಿ, ನಡುವೆ ತಗ್ಗು. ದೋಣಿ ಒಂದೇ ಅಲೆಯ ತೊಟ್ಟಿಲಲ್ಲಿ ಕೂತಂತಾಗುತ್ತದೆ. ಇದಕ್ಕೂ ಮೀರಿ ಓಡಿಸಹೋದರೆ ಹಿಂದಿನ ನೆತ್ತಿ ಜಾರಿ ಹಿಂದೆ ಉಳಿಯುತ್ತದೆ, ಹಿಂಬದಿ ತಗ್ಗಿಗಿಳಿಯುತ್ತದೆ, ಮೂತಿ ಆಕಾಶ ನೋಡುತ್ತದೆ. ಆಗ ದೋಣಿ ತಾನೇ ಎಬ್ಬಿಸಿದ ಗುಡ್ಡವನ್ನು ತಾನೇ ಹತ್ತಲು ಹೆಣಗುತ್ತದೆ. ಎಣ್ಣೆ ಸುರಿದಷ್ಟೂ ಗುಡ್ಡ ಬೆಳೆಯುತ್ತದೆ, ವೇಗ ಬೆಳೆಯುವುದಿಲ್ಲ.

ಈ ಎಲ್ಲೆ ಎಲ್ಲಿದೆಯೆಂದು ಹೇಳುವ ಸೂತ್ರ ಬಹಳ ಸುಲಭ. ದೋಣಿಯ ಒಟ್ಟು ಉದ್ದವನ್ನಲ್ಲ, ನೀರಿಗೆ ತಾಗಿರುವ ಉದ್ದವನ್ನು ಅಡಿಗಳಲ್ಲಿ ಅಳೆಯಿರಿ. ಅದರ ವರ್ಗಮೂಲವನ್ನು ೧.೩೪ರಿಂದ ಗುಣಿಸಿ. ಬಂದದ್ದು ನಾಟಿನ ಲೆಕ್ಕದಲ್ಲಿ ಆ ದೋಣಿಯ ಸಹಜವಾದ ಮೇರೆ. ೧೭ ಅಡಿಯ ನಮ್ಮ ದೋಣಿಯಲ್ಲಿ ನೀರಿಗೆ ತಾಗಿದ್ದು ೧೬ ಅಡಿ, ವರ್ಗಮೂಲ ೪, ಮೇರೆ ೫.೩೬ ನಾಟು, ಅಂದರೆ ಗಂಟೆಗೆ ಹತ್ತು ಕಿಲೋಮೀಟರಿನ ಹತ್ತಿರ. ೨೫ ಅಡಿಯದಾದರೆ ೬.೭ ನಾಟು. ಉದ್ದದ ದೋಣಿ ಸಲೀಸಾಗಿ ಓಡುತ್ತದೆ ಎಂದು ನಮ್ಮ ಮೀನುಗಾರರು ವರ್ಗಮೂಲದ ಹೆಸರು ಕೇಳದೆಯೇ ತಿಳಿದಿದ್ದರು.

ಆದರೆ ಪ್ರವಾಸಿಗಳನ್ನು ಹೊತ್ತ ದೋಣಿಗಳು ನೀರಿನ ಮೇಲೆ ಜಾರುತ್ತ ಮೂವತ್ತು ನಲವತ್ತು ಕಿಲೋಮೀಟರು ವೇಗದಲ್ಲಿ ಹಾರುವುದನ್ನು ತಾವು ಕಂಡಿರಬಹುದು. ಅವು ಬೇರೆಯದೇ ಜಾತಿ. ಹಗುರವಾದ ಮೈ, ಚಪ್ಪಟೆಯಾದ ತಳ, ಹಿಂದುಗಡೆ ಕತ್ತರಿಸಿದಂತೆ ಅಗಲವಾದ ಹಲಗೆ. ಸಾಕಷ್ಟು ಶಕ್ತಿ ದೊರೆತರೆ ಅಂಥ ದೋಣಿ ಅಲೆಯ ಗುಡ್ಡವನ್ನು ಹತ್ತಿ ಮುಗಿಸಿ ನೀರಿನ ಮೇಲೆ ಹಲಗೆಯಂತೆ ಜಾರತೊಡಗುತ್ತದೆ. ಅದಕ್ಕೆ ದೋಣಿ, ಜನ, ಸಾಮಾನು, ಮೋಟಾರು, ಎಣ್ಣೆ ಎಲ್ಲ ಸೇರಿದ ಭಾರದಲ್ಲಿ ಸುಮಾರು ೧೫ರಿಂದ ೨೦ ಕಿಲೋಗೆ ಒಂದು ಅಶ್ವಶಕ್ತಿಯಾದರೂ ಬೇಕು. ೩೦೦ ಕಿಲೋ ತೂಗುವ ಫೈಬರಿನ ದೋಣಿಗೆ ೧೫ ಅಥವಾ ೨೦ ಎಂದಾಯಿತು. ನಡುವಣ ಅಳತೆಯ ಮೋಟಾರು ಕೊಳ್ಳುವುದು ಇಲ್ಲಿ ದೊಡ್ಡ ತಪ್ಪು: ಎಂಟೋ ಹತ್ತೋ ಕಟ್ಟಿದರೆ ದೋಣಿ ಜಾರುವ ಹಂತಕ್ಕೂ ಏರದು, ಮೆಲ್ಲಗೆ ಹೋಗುವ ಮಿತವ್ಯಯವೂ ದಕ್ಕದು, ಮೂತಿ ಎತ್ತಿಕೊಂಡು ಎಣ್ಣೆ ಕುಡಿಯುತ್ತ ಇರುತ್ತದೆ.

ನಮ್ಮ ಕರಾವಳಿಯ ಹಳೆಯ ಮಾದರಿಯ ದೋಣಿಗಳಾದರೋ ಜಾರುವುದಕ್ಕೆ ಹುಟ್ಟಿದವಲ್ಲ. ತಳ ದುಂಡು, ಎರಡೂ ತುದಿ ಚೂಪು. ಅಲೆಯನ್ನು ಹಿಂದಿನಿಂದಲೂ ಮುಂದಿನಿಂದಲೂ ಸೀಳಿ ಬಿಡಬೇಕೆಂಬುದು ಆ ಚೂಪಿನ ಉದ್ದೇಶ. ಮೋಟಾರು ಬಂದ ಮೇಲೆ ಕೆಲವರು ಬದಿಗೆ ತೊಲೆ ಕೊಟ್ಟು ಕಟ್ಟಿದರು, ಕೆಲವರು ಹಿಂಬದಿಯ ಚೂಪನ್ನು ಕೊಯ್ದು ಹಲಗೆ ಹಾಕಿದರು. ಏನು ಮಾಡಿದರೂ ಅದರ ಜಾತಿ ಬದಲಾಗದು. ಇಂಥ ಭಾರದ ದೋಣಿಗೆ ತೂಕದ ಲೆಕ್ಕವೇ ಒಳ್ಳೆಯದು: ಎಲ್ಲ ತುಂಬಿದ ಮೇಲೆ ಒಂದು ಟನ್ನಿಗೆ ಸುಮಾರು ೩ರಿಂದ ೫ ಅಶ್ವಶಕ್ತಿ. ಭಾವನವರ ದೋಣಿಯ ಮೈ ೨೫೦ ಕಿಲೋ, ನಾಲ್ವರು ಜನ ೨೬೦, ಕಾಯಿಯ ಮೂಟೆ ೧೫೦, ಮೋಟಾರು ಎಣ್ಣೆ ಸೇರಿ ೫೦, ಒಟ್ಟು ೭೧೦. ಎರಡರಿಂದ ಮೂರೂವರೆ ಅಶ್ವಶಕ್ತಿ ಸಾಕೆಂದು ಈ ಲೆಕ್ಕವೂ ಹೇಳುತ್ತದೆ. ಹುಟ್ಟು ಹಾಕುವ ಇಬ್ಬರಿಂದ ಹೊರಟು ನಾವು ತಲುಪಿದ್ದೂ ಅಲ್ಲಿಗೇ ಅಲ್ಲವೆ?

ಇನ್ನು ಆ ಸಂಜೆಯ ಮಾತು. ಮೋಟಾರು ಬಂದು ಹದಿನೈದು ದಿನವೂ ಆಗಿರಲಿಲ್ಲ. ಭಾವನವರು ಶಾಲೆ ಬಿಟ್ಟ ಮಕ್ಕಳಿಬ್ಬರನ್ನೂ ಪೇಟೆಯಿಂದ ಬಂದ ಅಕ್ಕನನ್ನೂ ಕೂರಿಸಿಕೊಂಡು ಹೊರಟರು. ಆ ಮೋಟಾರಿನ ತೂಕವೇ ಅರುವತ್ತು ಕಿಲೋ. ಅದರ ಪಕ್ಕ ಇಪ್ಪತ್ತೈದು ಲೀಟರಿನ ಎಣ್ಣೆಯ ಡಬ್ಬ, ಅದರ ಹಿಡಿ ಹಿಡಿದು ಕೂತ ಎಂಬತ್ತು ಕಿಲೋದ ಭಾವನವರು. ಹೀಗೆ ನೂರರುವತ್ತು ಕಿಲೋ ದೋಣಿಯ ಅತಿ ಕಿರಿದಾದ ಬಾಲದಲ್ಲಿ. ಹಾಗಿದ್ದೂ ಮಕ್ಕಳು "ಜೋರು, ಜೋರು" ಎಂದರೆಂದು ಅವರು ಹಿಡಿಯನ್ನು ಪೂರ್ತಿ ತಿರುಗಿಸಿದರು. ಮೂತಿ ಎದ್ದಿತು, ಹಿಂಬದಿ ಇಳಿಯಿತು, ಹಿಂದೆ ಒಂದು ನೀರಿನ ದಿಣ್ಣೆ ಬೆಳೆಯುತ್ತ ಬಂದಿತು. ಕುದ್ರುವಿನ ಕಡವು ಹತ್ತಿರವಾಯಿತೆಂದು ಒಮ್ಮೆಲೇ ವೇಗ ತಗ್ಗಿಸಿದರು. ದೋಣಿ ನಿಂತಿತು, ದಿಣ್ಣೆ ನಿಲ್ಲಲಿಲ್ಲ. ಹಿಂದಿನಿಂದ ಬಂದ ಅವರದೇ ಅಲೆ ಹಲಗೆಯನ್ನು ದಾಟಿ ಒಳಕ್ಕೆ ಸುರಿಯಿತು. ಮೊಣಕಾಲುಮಟ್ಟ ನೀರು, ಮೋಟಾರು ಸ್ತಬ್ಧ, ಶಾಲೆಯ ಚೀಲಗಳು ತೇಲಿಹೋದುವು. ಇಳಿತದ ಹೊತ್ತು ಬೇರೆ. ದೋಣಿ ಮೆಲ್ಲಗೆ ಅಳಿವೆಯ ಕಡೆಗೆ ಸರಿಯತೊಡಗಿತು. ಹುಟ್ಟುಗಳೋ, ಇನ್ನೇಕೆಂದು ಮನೆಯ ಅಟ್ಟ ಸೇರಿದ್ದುವು.

ಬಲೆ ಬಿಡಲು ಹೋಗುತ್ತಿದ್ದ ಒಬ್ಬ ಮುದುಕ ತನ್ನ ಪಾತಿದೋಣಿಯಲ್ಲಿ ಬಂದು ಹಗ್ಗ ಎಸೆದು ದಡಕ್ಕೆ ಎಳೆದುತಂದ. ಅವನ ಬಳಿ ಮೋಟಾರಿರಲಿಲ್ಲ. ಅಕ್ಕ ಆ ದಿನ ಭಾವನವರಿಗೆ ಏನೂ ಹೇಳಲಿಲ್ಲವಂತೆ. ಮರುದಿನ ನಾನು ಹೋದಾಗ ನನಗೆ ಮಾತ್ರ ಹೇಳಿದಳು: "ಮಕ್ಕಳನ್ನು ಶಾಲೆಗೆ ಮುಟ್ಟಿಸ್ಲಿಕ್ಕೆ ರೇಸಿನ ಕುದುರೆ ಯಾಕೆ ಬೇಕಿತ್ತಾ ನಿಮಗೆ?" ಉತ್ತರ ಕೊಡಬೇಕಾದವನು ನಾನೇ ಆಗಿದ್ದೆ.

ಅಂದಿನಿಂದ ನಾನು ಈ ವಿಷಯವನ್ನು ಓದತೊಡಗಿದೆ. ಅಮೆರಿಕದಲ್ಲಿ ೧೯೭೨ರ ಕೊನೆಯಿಂದ ೨೦ ಅಡಿಗಿಂತ ಚಿಕ್ಕ ಮೋಟಾರು ದೋಣಿಗಳಲ್ಲಿ, ಎಷ್ಟು ಜನ, ಎಷ್ಟು ಭಾರ, ಹೆಚ್ಚೆಂದರೆ ಎಷ್ಟು ಅಶ್ವಶಕ್ತಿ ಎಂದು ತಿಳಿಸುವ ಫಲಕವನ್ನು ತಯಾರಿಸಿದವರೇ ಹೊಡೆದಿರಬೇಕೆಂದು ಕಾನೂನುಂಟು. ಅದರ ಹಿಂದಿನ ಲೆಕ್ಕ ಚಿಕ್ಕದು. ದೋಣಿಯ ಉದ್ದವನ್ನು ಹಿಂಬದಿಯ ಹಲಗೆಯ ಅಗಲದಿಂದ ಗುಣಿಸಬೇಕು, ಎರಡೂ ಅಡಿಗಳಲ್ಲಿ. ಪೂರ್ತಿ ಹಲಗೆಯಿಲ್ಲದ ದೋಣಿಯಾದರೆ ಹಿಂದಿನ ಕಾಲುಭಾಗದಲ್ಲಿ ಅತಿ ಅಗಲವಾದ ಕಡೆ ಅಳೆಯಬೇಕು. ಗುಣಲಬ್ಧ ೩೫ಕ್ಕೆ ಮೀರದಿದ್ದರೆ ೩ ಅಶ್ವಶಕ್ತಿ, ೩೯ರವರೆಗೆ ೫, ೪೨ರವರೆಗೆ ಏಳೂವರೆ, ೪೫ರವರೆಗೆ ೧೦, ೫೨ರವರೆಗೆ ೧೫. ತಳ ಚಪ್ಪಟೆಯಾಗಿ ಅಂಚು ಮೂಲೆ ಮೂಲೆಯಾಗಿದ್ದರೆ ಒಂದು ಮೆಟ್ಟಿಲು ಇಳಿಯಬೇಕು. ಅದಕ್ಕೂ ದೊಡ್ಡ ದೋಣಿಗಳಿಗೆ ಬೇರೆ ಸೂತ್ರಗಳಿವೆ. ನಮಗೆ ಅವು ಬೇಡ. ಭಾವನವರ ದೋಣಿ ಉದ್ದ ೧೭, ಹಿಂಬದಿಯ ಅಗಲ ೩, ಗುಣಿಸಿದರೆ ೫೧. ಹದಿನೈದಕ್ಕೆ ಮೇಲೆ ಕೂಡದು. ನಾವು ಕಟ್ಟಿದ್ದು ಎಷ್ಟೆಂದು ಮತ್ತೆ ಹೇಳಲು ನಾಚಿಕೆಯಾಗುತ್ತದೆ.

ಈ ಫಲಕವನ್ನು ಓದುವವರು ಮಾಡುವ ತಪ್ಪೊಂದುಂಟು. ಅದು ಹೇಳುವುದು ಮೇಲಿನ ಮಿತಿಯನ್ನು, ತಕ್ಕ ಅಳತೆಯನ್ನಲ್ಲ. ಊಟದ ಎಲೆ ಎಷ್ಟು ಅಗಲವಿದೆಯೋ ಅಷ್ಟೂ ಬಡಿಸಿಕೊಳ್ಳಬೇಕೆಂದೇನೂ ಇಲ್ಲವಷ್ಟೆ. ಹಿಂಬದಿಯ ಅಗಲಕ್ಕೆ ಇಷ್ಟು ಮಹತ್ವವೇಕೆಂದರೆ, ಮೋಟಾರಿನ ಭಾರವನ್ನೂ ಅದರ ಒತ್ತನ್ನೂ ತೇಲಿಸಿ ಹಿಡಿಯಬೇಕಾದುದು ಆ ಭಾಗವೇ.

ಹಾಗೆಂದು ಲೆಕ್ಕದಲ್ಲಿ ಬಂದ ಮೂರನ್ನೇ ಕೊಂಡು ತಂದರೂ ಸರಿಯಲ್ಲ. ಹೆಚ್ಚಿನದರ ಅಪಾಯ ಒಂದು ಬಗೆ, ಕಡಮೆಯದರ ಅಪಾಯ ಇನ್ನೊಂದು. ನಮ್ಮ ಕರಾವಳಿಯಲ್ಲಿ ಉಬ್ಬರ ಇಳಿತಗಳ ವ್ಯತ್ಯಾಸ ಹೆಚ್ಚೆಂದರೆ ಎರಡು ಮೀಟರಿನಷ್ಟು. ಅಷ್ಟರಲ್ಲೇ ಅಳಿವೆಯ ಬಾಗಿಲಲ್ಲಿ ಸೆಳೆತ ಎಷ್ಟಿರುತ್ತದೆಂದು ಹೊಳೆಯವರನ್ನು ಕೇಳಬೇಕು. ಮಳೆಗಾಲದ ಕೆಂಪು ನೀರೂ ಅದರೊಡನೆ ಕೂಡಿದರೆ ಹೇಳುವುದೇ ಬೇಡ. ಸೆಳೆತ ಮೂರು ನಾಟಿನದೆಂದಿಟ್ಟುಕೊಳ್ಳೋಣ. ಐದು ನಾಟಿನಲ್ಲಿ ಹೋಗಬಲ್ಲ ದೋಣಿ ಅದರೆದುರು ಎರಡು ನಾಟಿನಲ್ಲಿ ಮುಂದೆ ಸಾಗುತ್ತದೆ. ನಾಲ್ಕು ನಾಟಿನದು ಒಂದರಲ್ಲಿ. ಮೂರರದು ನಿಂತಲ್ಲೇ ನಿಂತಿರುತ್ತದೆ, ಮೋಟಾರು ಎಷ್ಟು ಗುಡುಗಿದರೂ ದಡದ ತೆಂಗಿನ ಮರ ಕದಲುವುದಿಲ್ಲ. ಎದುರುಗಾಳಿ ಎದ್ದರೆ ಇನ್ನೂ ಕಷ್ಟ. ಬಿಸಿಲಿಗೆಂದು ಮೇಲೆ ಚಪ್ಪರ ಕಟ್ಟಿದ ದೋಣಿಯಾದರೆ ಅದೇ ಹಾಯಿಯಾಗಿ ಹಿಂದಕ್ಕೆ ನೂಕುತ್ತದೆ. ಆದುದರಿಂದ ಲೆಕ್ಕದಲ್ಲಿ ಬಂದುದಕ್ಕೆ ಅರ್ಧದಿಂದ ಒಂದರಷ್ಟು ಕೂಡಿಸಿ ಇಟ್ಟುಕೊಳ್ಳುವುದು ವಿವೇಕ. ನಮ್ಮ ದೋಣಿಗೆ ಹೀಗೆ ಐದು ಅಥವಾ ಆರು ಅಶ್ವಶಕ್ತಿಯಾಯಿತು. ಬರಿಯ ಹಿನ್ನೀರಿನಲ್ಲಿ, ಕೆರೆಯಲ್ಲಿ ತಿರುಗುವವರಿಗೆ ಇಷ್ಟೂ ಬೇಡ.

ಖರ್ಚಿನ ವಿಚಾರಕ್ಕೆ ಬರೋಣ. ಮನೆವಾರ್ತೆ ನೋಡಿಕೊಳ್ಳುವವರಿಗೆ ಇದೇ ಮುಖ್ಯ. ಪೂರ್ತಿ ತಿರುಗಿಸಿ ಓಡಿಸಿದಾಗ ಪೆಟ್ರೋಲಿನ ಔಟ್‌ಬೋರ್ಡ್ ಹತ್ತು ಅಶ್ವಶಕ್ತಿಗೆ ಗಂಟೆಗೆ ನಾಲ್ಕು ಲೀಟರಿನಂತೆ ಕುಡಿಯುತ್ತದೆಂದು ಸ್ಥೂಲವಾದ ಲೆಕ್ಕ. ಹಳೆಯ ಎರಡು ಸ್ಟ್ರೋಕಿನವು ಸ್ವಲ್ಪ ಹೆಚ್ಚು, ಈಗಿನ ನಾಲ್ಕು ಸ್ಟ್ರೋಕಿನವು ಸ್ವಲ್ಪ ಕಡಮೆ. ಆರರದಕ್ಕೆ ಎರಡೂವರೆ ಲೀಟರು, ಇಪ್ಪತ್ತೈದರದಕ್ಕೆ ಹತ್ತು. ನಮ್ಮ ಬಗೆಯ ದೋಣಿಯಲ್ಲಿ ಎರಡೂ ಮುಟ್ಟಿಸುವ ವೇಗದ ಅಂತರವೋ ಅತ್ಯಲ್ಪ. ೧೯೮೦ರ ದಶಕದಲ್ಲಿ ಮದರಾಸಿನಲ್ಲಿ ನೆಲೆಯಿದ್ದ ಬಂಗಾಳ ಕೊಲ್ಲಿ ಕಾರ್ಯಕ್ರಮದವರು ಸಣ್ಣ ಮೀನುಗಾರಿಕೆ ದೋಣಿಗಳ ಎಣ್ಣೆ ಖರ್ಚನ್ನು ಇಳಿಸುವ ಬಗ್ಗೆ ಕೆಲಸ ಮಾಡಿದಾಗಲೂ ಒತ್ತುಕೊಟ್ಟದ್ದು ಇದಕ್ಕೇ: ತುಸು ಮೆಲ್ಲಗೆ ಹೋಗಿ. ಆರು ನಾಟಿನಲ್ಲಿ ಹೋಗುವವನು ಐದಕ್ಕೆ ಇಳಿದರೆ ಬೇಕಾಗುವ ಶಕ್ತಿ ಘನದ ಲೆಕ್ಕದಲ್ಲಿ ನೂರಕ್ಕೆ ಐವತ್ತೆಂಟಕ್ಕೆ ಇಳಿಯುತ್ತದೆ. ತಡವಾಗುವುದು ಗಂಟೆಯ ದಾರಿಗೆ ಹನ್ನೆರಡು ನಿಮಿಷ. ನಮ್ಮ ನಾಡದೋಣಿಗಳವರು ಬಹಳ ಮಂದಿ ಸೀಮೆಎಣ್ಣೆಯ ಮೋಟಾರನ್ನು ಬಳಸುತ್ತ ಬಂದಿದ್ದಾರೆ. ಪೆಟ್ರೋಲಿನಲ್ಲಿ ಚಾಲೂ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುವುದು ಕ್ರಮ. ಮನೆಬಳಕೆಯ ಸಣ್ಣ ದೋಣಿಗೆ ಆ ರಗಳೆ ಬೇಡವೆಂದು ನನ್ನ ಅಭಿಪ್ರಾಯ.

ಅಂಗಡಿಗಳಲ್ಲಿ ೯.೯ ಎಂಬ ವಿಚಿತ್ರ ಸಂಖ್ಯೆಯ ಮೋಟಾರನ್ನು ತಾವು ಕಾಣುವಿರಿ. ಹತ್ತು ಎನ್ನಲು ಇವರಿಗೇನು ಸಂಕೋಚ ಎಂದು ನಾನೂ ಅಂದುಕೊಂಡಿದ್ದೆ. ಹತ್ತಕ್ಕೆ ಮೀರಬಾರದೆಂಬ ಕಟ್ಟಳೆ ಅಮೆರಿಕದ ಅನೇಕ ಕೆರೆಗಳಲ್ಲಿದೆ. ಅದರ ಹೊಸ್ತಿಲೊಳಗೆ ನಿಲ್ಲುವ ಉಪಾಯ ಇದು. ನಮ್ಮಲ್ಲಿಯೂ ಈ ಹತ್ತಕ್ಕೆ ಒಂದು ಅರ್ಥವುಂಟು. ಕರ್ನಾಟಕದಲ್ಲಿ ೧೯೮೬ರ ಸಮುದ್ರ ಮೀನುಗಾರಿಕೆ ನಿಯಂತ್ರಣ ಕಾಯಿದೆಯ ಅನ್ವಯ ಮಳೆಗಾಲದಲ್ಲಿ, ಈಚಿನ ವರ್ಷಗಳಲ್ಲಿ ಜೂನ್ ೧ರಿಂದ ಜುಲೈ ೩೧ರವರೆಗೆ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ೧೦ ಅಶ್ವಶಕ್ತಿಯವರೆಗಿನ ಮೋಟಾರಿನ ನಾಡದೋಣಿಗಳಿಗೆ ವಿನಾಯಿತಿ ಕೊಡುತ್ತ ಬಂದಿದ್ದಾರೆ. ಹೊಳೆ ಹಿನ್ನೀರುಗಳಲ್ಲಿ ಓಡುವ ಮೋಟಾರು ದೋಣಿಗಳ ತಪಾಸಣೆ, ನೋಂದಣಿಗಳಿಗೆ ೨೦೨೧ರ ಒಳನಾಡು ಹಡಗುಗಳ ಕಾಯಿದೆಯಿದೆ. ಕೊಳ್ಳುವ ಮೊದಲೇ ತಮ್ಮ ಊರಿನ ಬಂದರು ಕಚೇರಿಯಲ್ಲಿ ವಿಚಾರಿಸುವುದು ಲೇಸು.

ಅಶ್ವಶಕ್ತಿ ಗೊತ್ತಾದ ಮೇಲೂ ಎರಡು ಮಾತು ಕೇಳಲೇಬೇಕು. ಒಂದು, ಮೋಟಾರಿನ ಕಾಲಿನ ಉದ್ದ. ಸಾಮಾನ್ಯವಾಗಿ ೧೫ ಅಂಗುಲದ ಗಿಡ್ಡಗಾಲಿನವೂ ೨೦ ಅಂಗುಲದ ಉದ್ದಗಾಲಿನವೂ ದೊರೆಯುತ್ತವೆ. ಹಿಂಬದಿಯ ಹಲಗೆಯ ಎತ್ತರವನ್ನು ಅಳೆದುಕೊಂಡೇ ಹೋಗಿ. ಪ್ರೊಪೆಲ್ಲರಿನ ಮೇಲೆ ಅಡ್ಡಲಾಗಿ ಒಂದು ತಗಡಿರುತ್ತದಲ್ಲ, ಅದು ದೋಣಿಯ ತಳದ ಮಟ್ಟಕ್ಕೋ ಒಂದಂಗುಲ ಕೆಳಕ್ಕೋ ಬರಬೇಕು. ಮೇಲಾದರೆ ರೆಕ್ಕೆ ಗಾಳಿ ಹೀರಿ ಬರಿದೆ ತಿರುಗುತ್ತದೆ. ಕೆಳಗಾದರೆ ಮರಳದಿಣ್ಣೆಗೆ ಬಡಿಯುತ್ತದೆ. ಎರಡನೆಯದು, ಪ್ರೊಪೆಲ್ಲರು. ಓಟದ ದೋಣಿಗೆ ಕೊಡುವುದು ಒಂದು ಸುತ್ತಿಗೆ ಹೆಚ್ಚು ದೂರ ಹೋಗುವಂಥದು. ಭಾರ ಎಳೆಯುವ ದೋಣಿಗೆ ಬೇಕಾದುದು ಅಗಲವಾದ, ಸುತ್ತಿಗೆ ಕಡಮೆ ದೂರ ಹೋಗುವ ರೆಕ್ಕೆ; ಗುಡ್ಡ ಹತ್ತುವ ಲಾರಿ ಮೊದಲ ಗೇರಿನಲ್ಲಿ ಹೋಗುವ ಹಾಗೆ. ಪೂರ್ತಿ ಭಾರ ಹೇರಿ ಪೂರ್ತಿ ತಿರುಗಿಸಿದಾಗ ಎಂಜಿನ್ನು ತನ್ನ ಪುಸ್ತಕದಲ್ಲಿ ಹೇಳಿದಷ್ಟು ಸುತ್ತನ್ನು, ಬಹುಮಟ್ಟಿಗೆ ನಿಮಿಷಕ್ಕೆ ಐದರಿಂದ ಆರು ಸಾವಿರವನ್ನು, ಮುಟ್ಟಲೇಬೇಕು. ಮುಟ್ಟದಿದ್ದರೆ ದೋಷ ಮೋಟಾರಿನದಲ್ಲ, ರೆಕ್ಕೆಯದು. ಇದನ್ನು ಬದಲಿಸಿಕೊಂಡವರು ಕೆಲವರು, ಮೋಟಾರು ಚಿಕ್ಕದಾಯಿತೆಂದು ದೊಡ್ಡದನ್ನು ಕೊಂಡವರೇ ಬಹಳ.

ಈಗ ಬ್ಯಾಟರಿಯ ಮೋಟಾರುಗಳೂ ಬಂದಿವೆ. ಅವುಗಳ ಮೇಲೆ ಕಿಲೋವಾಟಿನಲ್ಲಿ ಬರೆದಿರುತ್ತದೆ. ಮೂರು ಕಿಲೋವಾಟೆಂದರೆ ನಾಲ್ಕು ಅಶ್ವಶಕ್ತಿ. ಸದ್ದಿಲ್ಲ, ಹೊಗೆಯಿಲ್ಲ, ಹಿನ್ನೀರಿಗೆ ಸೊಗಸು. ಬ್ಯಾಟರಿಯ ಬೆಲೆಯನ್ನೂ ಅದು ಎಷ್ಟು ಗಂಟೆ ಬಂದೀತೆಂಬುದನ್ನೂ ನೋಡಿಕೊಂಡು ಮುಂದುವರಿಯಬೇಕು.

ಹೊರಕ್ಕೆ ಕಟ್ಟುವ ಈ ಮೋಟಾರಿನ ಕಥೆಯೂ ರಂಜಕವಾದುದೇ. ನಾರ್ವೆಯಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದ ಓಲೆ ಎವಿನ್‌ರೂಡ್ ಎಂಬಾತ ಒಂದು ಬೇಸಗೆಯ ದಿನ ತನ್ನ ಪ್ರಿಯೆಗಾಗಿ ಐಸ್‌ಕ್ರೀಮು ತರಲು ಕೆರೆಯಾಚೆಗೆ ಹುಟ್ಟು ಹಾಕಿಕೊಂಡು ಹೋಗಿ ಬರುವಷ್ಟರಲ್ಲಿ ಅದು ಕರಗಿಹೋಯಿತಂತೆ. ಆ ಬೇಸರದಲ್ಲೇ ಮೋಟಾರು ಹೊಳೆಯಿತಂತೆ. ಕಥೆ ಎಷ್ಟು ನಿಜವೋ, ೧೯೦೯ರಲ್ಲಿ ಅವನು ಮಾರಾಟಕ್ಕಿಟ್ಟ ಮೋಟಾರು ಮಾತ್ರ ನಿಜ. ಅದರ ಶಕ್ತಿ ಒಂದೂವರೆ ಅಶ್ವಶಕ್ತಿ, ತೂಕ ೬೨ ಪೌಂಡು, ಅಂದರೆ ೨೮ ಕಿಲೋ. ಇಂದು ಅಷ್ಟೇ ತೂಕದಲ್ಲಿ ಆರು ಅಶ್ವಶಕ್ತಿಯ ಮೋಟಾರು ದೊರೆಯುತ್ತದೆ.

ಭಾವನವರು ಕೊನೆಗೆ ಕೊಂಡದ್ದು ಅದನ್ನೇ. ಇಪ್ಪತ್ತೈದರದನ್ನು ನಷ್ಟಕ್ಕೆ ಮಾರಿದರು. ಆ ನಷ್ಟದಲ್ಲಿ ಅರ್ಧ ನಾನು ಕೊಡುತ್ತೇನೆಂದರೆ ಒಪ್ಪಲಿಲ್ಲ. ಹೊಸದನ್ನು ಕಟ್ಟಿದ ದಿನ ನಾನೂ ಹೋಗಿದ್ದೆ. ನಾಲ್ಕು ಜನ, ಎರಡು ಮೂಟೆ ಕಾಯಿ ಹೇರಿ, ಮೊಬೈಲು ಫೋನಿನಲ್ಲಿ ವೇಗ ನೋಡಿಕೊಳ್ಳುತ್ತ, ಸೆಳೆತದ ಜೊತೆಗೊಮ್ಮೆ ಎದುರಿಗೊಮ್ಮೆ ಹೋಗಿ ಎರಡನ್ನೂ ಕೂಡಿಸಿ ಅರ್ಧ ಮಾಡಿದೆವು. ಗಂಟೆಗೆ ಒಂಬತ್ತು ಕಿಲೋಮೀಟರು, ಮುಕ್ಕಾಲು ಮಾತ್ರ ತಿರುಗಿಸಿದಾಗ. ಮೂತಿ ಏಳಲಿಲ್ಲ, ನೆರೆಯವರ ದಂಡೆಯ ಮಣ್ಣು ಕುಸಿಯಲಿಲ್ಲ. ಮೋಟಾರಿನಿಂದ ಬರುವ ಕೆಂಪು ದಾರವನ್ನು ಭಾವನವರು ಈಗ ಮಣಿಕಟ್ಟಿಗೆ ಸಿಕ್ಕಿಸಿಯೇ ಚಾಲೂ ಮಾಡುತ್ತಾರೆ. ಆಯತಪ್ಪಿ ನೀರಿಗೆ ಬಿದ್ದರೆ ದಾರ ಕಳಚಿ ಮೋಟಾರು ತಾನಾಗಿ ನಿಲ್ಲುತ್ತದೆ. ಮಕ್ಕಳು ತೇಲುಜಾಕೀಟು ತೊಟ್ಟಲ್ಲದೆ ದೋಣಿ ಹತ್ತುವ ಹಾಗಿಲ್ಲ. ಅಟ್ಟದ ಮೇಲಿದ್ದ ಹುಟ್ಟುಗಳನ್ನು ಅಕ್ಕ ತಾನೇ ಇಳಿಸಿ ದೋಣಿಯ ಅಡ್ಡಹಲಗೆಗೆ ಕಟ್ಟಿಸಿದ್ದಾಳೆ. ಬಿಚ್ಚುವ ಗಂಟು ಹೇಗೆಂದು ಮಕ್ಕಳಿಬ್ಬರಿಗೂ ಕಲಿಸಿದ್ದಾಳೆ.